ಗ್ಯಾರೇಜ್ ಕಟ್ಟೆ: ಪಿನ್ನು ಜೇಬಲ್ಲಿದ್ದರೆ ಕೆಲಸ ಮುಗಿದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟೇರಿಂಗಿನದೇ. ಮಳೆ ನಿಂತಿದೆ ಅಲ್ವಾ, ಇಷ್ಟು ದಿನ ಗುಂಡಿಯಲ್ಲಿ ಕುಣಿದ ಗಾಡಿಗಳೆಲ್ಲ ಈಗ ಒಂದೊಂದಾಗಿ ದೂರು ಹೇಳುತ್ತಿವೆ. ಒಂದು ಪತ್ರಕ್ಕೆ ಉದ್ದವಾಗಿ ಉತ್ತರ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಗಳ ಬೇರೂ ಅದರಲ್ಲೇ ಇದೆ.

ಪ್ರಶ್ನೆ: ಅಣ್ಣಾ, ನಮ್ಮದು ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪ ತಗೊಂಡ 2006ರ ಮಾರುತಿ 800 ಇದೆ. ಅಪ್ಪ ಈಗಿಲ್ಲ, ಗಾಡಿ ಮಾರೋಕೆ ಮನಸ್ಸಿಲ್ಲ. ಈ ಮಳೆಗಾಲದಿಂದ ಎಡಗಡೆ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಸದ್ದು. ಸ್ಟೇರಿಂಗ್ ಸಡಿಲ ಅನ್ನಿಸುತ್ತದೆ. ಅರವತ್ತು ದಾಟಿದರೆ ಕೈ ನಡುಗುತ್ತದೆ. ಎಡಗಡೆ ಟೈರು ಒಳಗಡೆ ಸವೆದಿದೆ. ಪೇಟೆಯಲ್ಲಿ ಒಬ್ಬರು ಒಂದು ಸುತ್ತು ಓಡಿಸಿ ನೋಡಿ, ಸ್ಟೇರಿಂಗ್ ಬಾಕ್ಸನ್ನೇ ಬದಲಿಸಬೇಕು ಅಂದರು. ನನ್ನ ಭಾವಮೈದ ಬರೀ ಟೈರಾಡ್ ಎಂಡ್ (ಸ್ಟೇರಿಂಗಿನ ರಾಡನ್ನು ಚಕ್ರದ ಕಡೆಗೆ ಸೇರಿಸುವ ಕೀಲು) ಹೋಗಿದೆ, ಮನೆಯಲ್ಲೇ ಹಾಕಬಹುದು ಅಂತಾನೆ. ನನಗೆ ಪಂಪ್‌ಸೆಟ್, ವೀಡ್ ಕಟರ್ ಬಿಚ್ಚಿ ಜೋಡಿಸಿ ಅಭ್ಯಾಸ ಇದೆ. ಮಾಡಬಹುದಾ? ಅಮ್ಮ ಮಾತ್ರ ಬೇಡವೇ ಬೇಡ ಅಂತಿದ್ದಾರೆ.

ಉತ್ತರ: ಮಾಡಬಹುದು. ಆದರೆ ಅಮ್ಮ ಹೇಳಿದ್ದರಲ್ಲೂ ಅರ್ಥ ಇದೆ. ಪಂಪ್‌ಸೆಟ್ ತಪ್ಪಾಗಿ ಜೋಡಿಸಿದರೆ ನೀರು ಬರಲ್ಲ, ಅಷ್ಟೆ. ನಾಳೆ ಇನ್ನೊಂದು ಸಲ ಬಿಚ್ಚಬಹುದು. ಸ್ಟೇರಿಂಗ್ ಆ ನಾಳೆಯನ್ನು ಕೊಡದೇ ಇರಬಹುದು.

ಮೊದಲು ಬಾಕ್ಸಿನ ಮಾತು ಪಕ್ಕಕ್ಕಿಡಿ. ಅವರು ಸುಳ್ಳು ಹೇಳಿದರು ಅಂತಲ್ಲ. ಬಾಕ್ಸೂ ಸವೆದಿರಬಹುದು, ಹದಿನೆಂಟು ವರ್ಷ ದಾಟಿದ ಗಾಡಿ. ಆದರೆ ಚಕ್ರ ಎತ್ತದೆ, ಜಾಯಿಂಟಿನ ಮೇಲೆ ಕೈ ಇಡದೆ ಹೇಳಿದ ಮಾತು ಅದು. ಭಾವಮೈದನದ್ದೂ ಹಾಗೇ. ಇಬ್ಬರದ್ದೂ ಊಹೆ. ಭಾವಮೈದನ ಊಹೆಗೆ ಖರ್ಚು ಕಡಿಮೆ ಅನ್ನೋದಷ್ಟೇ ಅದರ ಹೆಚ್ಚುಗಾರಿಕೆ.

ನಿಮ್ಮ ದೂರಿನಲ್ಲಿ ಮೂರು ಬೇರೆ ಬೇರೆ ಕಾಯಿಲೆ ಸೇರಿಕೊಂಡಿವೆ ಅಂತ ನನಗೆ ಅನ್ನಿಸುತ್ತದೆ. ಅರವತ್ತರ ಮೇಲೆ ಕೈ ನಡುಗೋದು ಹೆಚ್ಚಿನ ಸಲ ವೀಲ್ ಬ್ಯಾಲೆನ್ಸಿಂಗಿನದು. ರಿಮ್ಮಿನ ಒಳಗಡೆ ತೋಟದ ಕೆಸರು ಒಣಗಿ ಗಟ್ಟಿಯಾಗಿ ಕೂತಿದ್ದರೂ ಸಾಕು. ನಗಬೇಡಿ, ಹೀಗೆ ನಡುಗುತ್ತಿದ್ದ ಗಾಡಿಗೆ ಬರೀ ಒಂದು ಕೊಡ ನೀರು, ಒಂದು ಬ್ರಷ್ಷಿನಲ್ಲಿ ವಾಸಿ ಮಾಡಿದ್ದೇನೆ. ಸಡಿಲವೂ ಒಳಗಿನ ಸವೆತವೂ ಟೈರಾಡ್ ಎಂಡಿನ ಕಡೆ ಬೆರಳು ತೋರಿಸುತ್ತವೆ. ಟಕ್ ಟಕ್ ಸದ್ದು ಮಾತ್ರ ನಂಬಿಕಸ್ಥ ಸಾಕ್ಷಿ ಅಲ್ಲ. ಮಾರುತಿ 800ರಲ್ಲಿ ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಸ್ಟೆಬಿಲೈಸರ್ ಬಾರಿನ ಬುಷ್ ಸವೆದರೂ ಅದೇ ಸದ್ದು, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಹೋದರೂ ಅದೇ ಸದ್ದು.

ಹಾಗಾಗಿ ಸಾಮಾನು ತರುವ ಮೊದಲು ಪರೀಕ್ಷೆ ಮಾಡಿ. ಗಾಡಿ ನೆಲದ ಮೇಲೇ ಇರಲಿ. ಯಾರಾದರೂ ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚೂರು ಚೂರೇ ಅಲ್ಲಾಡಿಸಲಿ. ಪೂರ್ತಿ ತಿರುಗಿಸೋದು ಬೇಡ, ಗಡಿಯಾರದ ಲೋಲಕದ ಹಾಗೆ ಸಾಕು. ನೀವು ಚಕ್ರದ ಹಿಂದಿನಿಂದ ಕೈ ಹಾಕಿ ಟೈರಾಡ್ ಎಂಡಿನ ಮೇಲೆ, ಅದು ಸ್ಟೇರಿಂಗ್ ಆರ್ಮಿಗೆ (ಚಕ್ರವನ್ನು ತಿರುಗಿಸುವ ತೋಳಿಗೆ) ಸೇರುವ ಜಾಗದಲ್ಲಿ, ಬೆರಳು ಇಡಿ. ರಾಡು ಮೊದಲು ಅಲ್ಲಾಡಿ, ಒಂದು ಕ್ಷಣ ತಡೆದು ಆಮೇಲೆ ಆರ್ಮು ಅಲ್ಲಾಡಿತು ಅಂದರೆ ಆ ಎಂಡ್ ಸತ್ತಿದೆ. ಎರಡೂ ಒಟ್ಟಿಗೇ ಅಲ್ಲಾಡಿದರೆ ಕೈಯನ್ನು ಇನ್ನೂ ಒಳಗೆ ಸರಿಸಿ. ಅಲ್ಲಿ ಅಕಾರ್ಡಿಯನ್ ಥರ ಮಡಿಕೆ ಮಡಿಕೆ ಇರುವ ರಬ್ಬರ್ ಬೂಟ್ ಇದೆ. ಅದನ್ನು ಹಿಸುಕಿ ಹಿಡಿದರೆ ಒಳಗಿನ ರ್ಯಾಕ್ ಎಂಡ್, ಅಂದರೆ ರಾಡು ಸ್ಟೇರಿಂಗ್ ಬಾಕ್ಸಿನ ಹಲ್ಲಿನ ಸರಳಿಗೆ (ರ್ಯಾಕ್) ಸೇರುವ ಕೀಲು, ಕೈಗೆ ಸಿಗುತ್ತದೆ. ಅಲ್ಲಿ ಕಟ್ ಅಂದರೆ ನಿಮ್ಮ ಕೆಲಸ ದೊಡ್ಡದಾಯಿತು, ಅದನ್ನು ಮನೆಯಲ್ಲಿ ಮಾಡಬೇಡಿ.

ಇನ್ನೊಂದು ಪರೀಕ್ಷೆ ಚಕ್ರ ಎತ್ತಿ ಮಾಡುವಂಥದ್ದು. ಗಡಿಯಾರದ ಮುಳ್ಳು ಮೂರು ಮತ್ತು ಒಂಬತ್ತು ತೋರಿಸುವ ಜಾಗದಲ್ಲಿ ಟೈರು ಹಿಡಿದು ಅಲ್ಲಾಡಿಸಿ. ಆಮೇಲೆ ಹನ್ನೆರಡು ಮತ್ತು ಆರರ ಜಾಗದಲ್ಲಿ. ಮೂರು-ಒಂಬತ್ತರಲ್ಲಿ ಮಾತ್ರ ಆಡಿದರೆ ಸ್ಟೇರಿಂಗ್ ಕಡೆಯ ಜಾಯಿಂಟು. ಎರಡರಲ್ಲೂ ಆಡಿದರೆ ಬೇರಿಂಗು. ಹನ್ನೆರಡು-ಆರರಲ್ಲಿ ಮಾತ್ರ ಆಡಿದರೆ ಕೆಳಗಿನ ಬಾಲ್ ಜಾಯಿಂಟನ್ನು ನೋಡಿ. ಇದೆಲ್ಲ ಮುಗಿದ ಮೇಲೂ ಒಂದು ಅಳತೆ ಬರೆದಿಟ್ಟುಕೊಳ್ಳಿ: ಚಕ್ರ ನೇರ ಇದ್ದಾಗ ಸ್ಟೇರಿಂಗಿನ ಅಂಚು ಎಷ್ಟು ದೂರ ಸುಮ್ನೆ ಆಡುತ್ತದೆ ಅಂತ. ಈ ಗಾಡಿಯಲ್ಲಿ ಅದು 30 ಮಿಲಿಮೀಟರಿನೊಳಗೆ ಇರಬೇಕು. ಹೊಸ ಎಂಡ್ ಹಾಕಿದ ಮೇಲೂ ಅದಕ್ಕಿಂತ ಜಾಸ್ತಿ ಇದ್ದರೆ ಬಾಕ್ಸಿನ ಮಾತನ್ನು ಮತ್ತೆ ಎತ್ತೋಣ.

ಈ ಟೈರಾಡ್ ಎಂಡ್ ಒಳಗೆ ಇರೋದು ತುಂಬ ಸರಳ. ಉಕ್ಕಿನ ಒಂದು ಗುಂಡು, ಅದಕ್ಕೊಂದು ಬಟ್ಟಲು, ನಡುವೆ ಪ್ಲಾಸ್ಟಿಕ್ಕಿನಂಥ ಪದರ, ಗ್ರೀಸು. ಮೇಲೆ ಮುಷ್ಟಿಗಿಂತ ಚಿಕ್ಕ ರಬ್ಬರ್ ಬೂಟ್. ನಮ್ಮ ಕಡೆ ಈ ಜಾಯಿಂಟು ಸಾಯೋದು ಓಡಿ ಓಡಿ ಅಲ್ಲ, ಬೂಟ್ ಹರಿದು. ಒಂದು ಸಣ್ಣ ಸೀಳು ಸಾಕು. ಜೂನಿನಲ್ಲಿ ನೀರು ಹೋಗುತ್ತದೆ, ಗ್ರೀಸು ತೊಳೆದುಹೋಗುತ್ತದೆ, ಕೆಂಪು ಮಣ್ಣು ಒಳಗೆ ಕೂರುತ್ತದೆ. ದೀಪಾವಳಿ ಹೊತ್ತಿಗೆ ಮಣ್ಣೇ ಅರ ಆಗಿ ಗುಂಡನ್ನು ಉಜ್ಜಿರುತ್ತದೆ. ಅದಕ್ಕೇ ನನಗೆ ಬರುವ ಪತ್ರಗಳಲ್ಲಿ ಮೂಡಿಗೆರೆ, ಸಕಲೇಶಪುರದವರದ್ದು ಜಾಸ್ತಿ, ಅರಸೀಕೆರೆ, ಕಡೂರು ಕಡೆಯವರದ್ದು ಕಡಿಮೆ.

ಅಂಗಡಿಯಲ್ಲಿ ‘ಟೈರಾಡ್ ಎಂಡ್’ ಅಂತಲೇ ಕೇಳಿ. ಹಳಬರು ಕೆಲವರು ಬರೀ ಬಾಲ್ ಜಾಯಿಂಟ್ ಅಂತಾರೆ. ಹಾಗೆ ಕೇಳಿದರೆ ಲೋವರ್ ಆರ್ಮಿನದ್ದನ್ನು ಕಟ್ಟಿ ಕೊಡುತ್ತಾರೆ, ನೀವು ಮತ್ತೆ ಇಪ್ಪತ್ತು ಕಿಲೋಮೀಟರ್ ಬರಬೇಕು. ಗಾಡಿಯ ಕಂಪನಿಯದ್ದೇ ಆಗಲಿ, ರಾಣೆ ಥರ ಹೆಸರಿರುವ ತಯಾರಕರದ್ದೇ ಆಗಲಿ ತಗೊಳ್ಳಿ. ಹೆಸರಿಲ್ಲದ ಡಬ್ಬದ್ದು ನೂರೋ ನೂರೈವತ್ತೋ ಕಡಿಮೆ ಇರುತ್ತದೆ, ಬೇಡ. ಸಾಮಾನು ಕೈಗೆ ಬಂದಾಗ ಗುಂಡಿನ ಕಾಂಡವನ್ನು ಬೆರಳಲ್ಲಿ ಬಾಗಿಸಿ ನೋಡಿ. ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು. ಕೈ ಬಿಟ್ಟ ಕೂಡಲೇ ಜೋತು ಬಿದ್ದರೆ ಅಲ್ಲೇ ವಾಪಸ್ ಕೊಡಿ. ಡಬ್ಬದಲ್ಲಿ ಹೊಸ ನಟ್ಟು, ಹೊಸ ಸ್ಪ್ಲಿಟ್ ಪಿನ್ನು (ನಟ್ಟು ತಾನಾಗಿ ಬಿಚ್ಚಿಕೊಳ್ಳದ ಹಾಗೆ ತಡೆಯುವ ಎರಡು ಕಾಲಿನ ಪಿನ್ನು) ಇದೆಯಾ ಅಂತ ಅಂಗಡಿಯಲ್ಲೇ ಬಿಚ್ಚಿ ನೋಡಿ. ಇಲ್ಲದಿದ್ದರೆ ಕೇಳಿ ತಗೊಳ್ಳಿ.

ಇನ್ನು ಜಾಗ. ನಿಮ್ಮ ಕಾಫಿ ಕಣ ಕಾಂಕ್ರೀಟಿನದ್ದಾದರೆ ಅದಕ್ಕಿಂತ ಒಳ್ಳೆ ಗ್ಯಾರೇಜಿಲ್ಲ. ಆದರೆ ನೆನಪಿರಲಿ, ಕಣಕ್ಕೆ ನೀರು ಹರಿಯಲಿ ಅಂತ ಚೂರು ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣಲ್ಲ, ಗಾಡಿಗೆ ಕಾಣುತ್ತದೆ. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ. ಕೊಯ್ಲು ಶುರುವಾಗಿ ಕಣದ ತುಂಬ ಹಣ್ಣು ಹರಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ, ಆಮೇಲೆ ನಿಮಗೆ ಜಾಗವೂ ಇರಲ್ಲ, ಪುರುಸೊತ್ತೂ ಇರಲ್ಲ.

ಜ್ಯಾಕ್ ಬಗ್ಗೆ ನಾನು ಕಟ್ಟುನಿಟ್ಟು. ಗಾಡಿ ಜೊತೆ ಬರುವ ಜ್ಯಾಕು ಸ್ಟೆಪ್ನಿ ಬದಲಿಸೋಕೆ ಮಾತ್ರ. ಅದರ ಮೇಲೆ ಭಾರ ಬಿಟ್ಟು ಕೆಳಗೆ ಕೈ ತಲೆ ಹಾಕಬೇಡಿ. ಎತ್ತಿದ ಗಾಡಿಯ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್ ಒಂದು ಜೊತೆ ತಗೊಳ್ಳಿ ಇಲ್ಲವೇ ಯಾರಿಂದಾದರೂ ಕಡ ತನ್ನಿ. ಇಟ್ಟಿಗೆ, ಸಿಮೆಂಟ್ ಬ್ಲಾಕು ಬೇಡವೇ ಬೇಡ. ನಿಂತಷ್ಟು ಹೊತ್ತು ನಿಂತು ಒಂದೇ ಸಲಕ್ಕೆ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನು ಗಾಡಿಯ ಕೆಳಗೆ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಹಿಂದಿನ ರಾತ್ರಿಯೇ ನಟ್ಟುಗಳಿಗೆ ಡಬ್ಲ್ಯೂಡಿ ಫಾರ್ಟಿ (ತುಕ್ಕು ಸಡಿಲಿಸುವ ಸ್ಪ್ರೇ) ಹೊಡೆದಿಡಿ. ಅದಿಲ್ಲದಿದ್ದರೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಬಿಡಿ. ತುಕ್ಕು ಹಿಡಿದ ನಟ್ಟಿನ ಜೊತೆ ಜಗಳ ಆಡಬಾರದು, ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಮಾತಾಡಿಸಬೇಕು. ಗ್ಯಾಸ್ ಬೆಂಕಿ ಮಾತ್ರ ತೋರಿಸಬೇಡಿ, ಬ್ರೇಕಿನ ರಬ್ಬರ್ ಹೋಸು ಅಲ್ಲೇ ಪಕ್ಕದಲ್ಲಿ ಇರುತ್ತದೆ.

ವೀಲ್ ನಟ್ಟು ನೆಲದ ಮೇಲಿದ್ದಾಗಲೇ ಸಡಿಲ ಮಾಡಿ, ಆಮೇಲೆ ಎತ್ತಿ, ಚಕ್ರ ತೆಗೆಯಿರಿ. ಈಗ ಒಂದು ಗುಟ್ಟು. ಎಲ್ಲರೂ ಮೊದಲು ಗುಂಡಿನ ನಟ್ಟು ಬಿಚ್ಚುತ್ತಾರೆ. ನೀವು ಮೊದಲು ರಾಡಿನ ಮೇಲಿನ ಲಾಕ್ ನಟ್ಟನ್ನು, ಅಂದರೆ ಎಂಡ್ ತಿರುಗದ ಹಾಗೆ ಹಿಡಿದಿರುವ ನಟ್ಟನ್ನು, ಕಾಲು ಸುತ್ತು ಸಡಿಲ ಮಾಡಿ. ಎಂಡ್ ಇನ್ನೂ ಆರ್ಮಿನಲ್ಲಿ ಕೂತಿರುವಾಗ ಅದು ಸುಲಭ, ಬಿಚ್ಚಿ ನೇತಾಡುವಾಗ ಕಷ್ಟ. ರಾಡು ತಿರುಗದ ಹಾಗೆ ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ಕಾಲು ಸುತ್ತು ಅಂದೆ, ಅಷ್ಟೇ. ಆ ಲಾಕ್ ನಟ್ಟು ಇರುವ ಜಾಗವೇ ನಿಮ್ಮ ಗುರುತು. ಅದರ ಪಕ್ಕದ ಎಳೆಗೆ (ಥ್ರೆಡ್ಡಿಗೆ) ಮನೆಯಲ್ಲಿ ಯಾರದ್ದಾದರೂ ನೈಲ್ ಪಾಲಿಷ್ ಇದ್ದರೆ ಒಂದು ಗೆರೆ ಎಳೆಯಿರಿ.

ಆಮೇಲೆ ಸ್ಪ್ಲಿಟ್ ಪಿನ್ನು ನೇರ ಮಾಡಿ ಎಳೆದು ತೆಗೆಯಿರಿ. ಕಿರೀಟದಂಥ ನಟ್ಟನ್ನು ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ, ಮೂರ್ನಾಲ್ಕು ಎಳೆ ಹಿಡಿದಿರಲಿ. ಗುಂಡಿನ ಕಾಂಡ ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವ ಆಕಾರದ್ದು, ಆರ್ಮಿನ ತೂತಿನಲ್ಲಿ ಬೆಣೆ ಹೊಡೆದ ಹಾಗೆ ಕೂತಿರುತ್ತದೆ. ಪುಲ್ಲರ್ ಇದ್ದರೆ ಹಾಕಿ ಬಿಗಿಮಾಡಿ. ಇಲ್ಲದಿದ್ದರೆ ಎರಡು ಸುತ್ತಿಗೆ. ಒಂದನ್ನು ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಗಟ್ಟಿಯಾಗಿ ಹೊಡೆಯಿರಿ. ಕಾಂಡದ ತುದಿಗೆ ಹೊಡೆಯೋದಲ್ಲ, ಎಳೆ ಹಾಳಾಗುತ್ತದೆ. ಪಕ್ಕಕ್ಕೆ ಬಿದ್ದ ಪೆಟ್ಟಿಗೆ ಆ ಕಣ್ಣು ಒಂದು ಕ್ಷಣ ಅಗಲವಾಗಿ ಹಿಡಿತ ಬಿಡುತ್ತದೆ. ನಾಲ್ಕೈದು ಪೆಟ್ಟಿಗೆ ‘ಟಣ್’ ಅಂತ ಇಳಿಯುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಬಿಟ್ಟಿದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ, ಇಲ್ಲದಿದ್ದರೆ ರಾಡು ನಿಮ್ಮ ಮಣಿಕಟ್ಟಿಗೆ ಬೀಳುತ್ತಿತ್ತು.

ಈಗ ಅಮ್ಮನನ್ನು ಕರೆಯಿರಿ. ನಿಜವಾಗಿ ಹೇಳ್ತಿದ್ದೇನೆ. ಒಂದು ಕುರ್ಚಿ ಹಾಕಿ ಕೂರಿಸಿ, ಕೈಗೊಂದು ಬಟ್ಟಲು, ಹಿಡಿ ಕಾಫಿ ಬೀಜ ಕೊಡಿ. ಹಳೇ ಎಂಡನ್ನು ರಾಡಿನಿಂದ ತಿರುಗಿಸಿ ಬಿಚ್ಚುವಾಗ ಒಂದೊಂದು ಪೂರ್ತಿ ಸುತ್ತಿಗೆ ಒಂದೊಂದು ಬೀಜ ಬಟ್ಟಲಿಗೆ. ಈ ಕೆಲಸದಲ್ಲಿ ಎಣಿಕೆ ತಪ್ಪುವವರೇ ಜಾಸ್ತಿ. ಹನ್ನೊಂದಾ ಹನ್ನೆರಡಾ ಅಂತ ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ. ಒಂದು ಸುತ್ತು ಅಂದರೆ ಸಣ್ಣದಲ್ಲ. ಸಣ್ಣ ಕಾರುಗಳಲ್ಲಿ ಎಳೆ ಸಾಮಾನ್ಯವಾಗಿ ಸುತ್ತಿಗೆ ಒಂದೂಕಾಲು ಮಿಲಿಮೀಟರ್ ಸರಿಯುತ್ತದೆ. ಅದು ಟೈರಿನ ಅಂಚಿಗೆ ಬರುವಷ್ಟರಲ್ಲಿ ಐದು ಮಿಲಿಮೀಟರಿನಷ್ಟು ಆಗಿರುತ್ತದೆ. ಚಕ್ರಗಳ ಟೋ, ಅಂದರೆ ಮುಂದಿನ ಎರಡು ಚಕ್ರಗಳ ನಡುವಿನ ದೂರಕ್ಕೆ ಮುಂಭಾಗದಲ್ಲೂ ಹಿಂಭಾಗದಲ್ಲೂ ಇರುವ ವ್ಯತ್ಯಾಸ, ಇರಬೇಕಾದದ್ದೇ ಒಂದೆರಡು ಮಿಲಿಮೀಟರಿನ ಲೆಕ್ಕದಲ್ಲಿ.

ಹೊಸದನ್ನು ಹಳೇದರ ಪಕ್ಕ ಇಟ್ಟು ಅಳೆಯಿರಿ. ಉದ್ದದಲ್ಲಿ ವ್ಯತ್ಯಾಸ ಇದ್ದರೆ ಬೀಜದ ಎಣಿಕೆಗಿಂತ ಒಟ್ಟು ಉದ್ದವೇ ಮುಖ್ಯ. ಲಾಕ್ ನಟ್ಟಿನಿಂದ ಗುಂಡಿನ ನಡುವಿನವರೆಗೆ ಮೊದಲು ಎಷ್ಟಿತ್ತೋ ಅಷ್ಟೇ ಇರಬೇಕು. ರಾಡಿನ ಎಳೆಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಚೂರು ಗ್ರೀಸು ಹಚ್ಚಿ, ಮುಂದಿನ ಸಲ ಬಿಚ್ಚುವವರು ನಿಮಗೆ ಒಳ್ಳೇದಾಗಲಿ ಅಂತಾರೆ. ಆದರೆ ಕಾಂಡಕ್ಕೂ ಆರ್ಮಿನ ತೂತಿಗೂ ಗ್ರೀಸು ಬೇಡ. ಒಣ ಬಟ್ಟೆಯಲ್ಲಿ ಒರೆಸಿ ಹಾಗೇ ಕೂರಿಸಿ. ಅಲ್ಲಿ ಹಿಡಿಯಬೇಕಾದ್ದು ಲೋಹಕ್ಕೆ ಲೋಹ.

ನಟ್ಟು ಬಿಗಿಮಾಡುವಾಗ ಕಾಂಡವೂ ಜೊತೆಗೇ ಗಿರ್ರನೆ ತಿರುಗೋಕೆ ಶುರುವಾದರೆ ಹೆದರಬೇಡಿ. ಎಂಡಿನ ಕೆಳಗೆ ಜ್ಯಾಕು ಕೊಟ್ಟು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿದರೆ ಬೆಣೆ ಕಚ್ಚಿಕೊಳ್ಳುತ್ತದೆ. ಟಾರ್ಕ್ ರೆಂಚ್ ಇದ್ದರೆ ಸರ್ವಿಸ್ ಪುಸ್ತಕ ಹೇಳಿದಷ್ಟು ಬಿಗಿಮಾಡಿ. ಆಮೇಲೆ ಕಿರೀಟದ ಸೀಳು ಪಿನ್ನಿನ ತೂತಿಗೆ ಸರಿಯಾಗಿ ಬರಬೇಕಲ್ಲ? ಬರದಿದ್ದರೆ ಮುಂದಕ್ಕೆ ಬಿಗಿಮಾಡಿ ಸೇರಿಸಿ. ಹಿಂದಕ್ಕೆ ಸಡಿಲ ಮಾಡಿ ಸೇರಿಸಬಾರದು. ಹೊಸ ಪಿನ್ನು ಹಾಕಿ, ಎರಡು ಕಾಲೂ ಬೇರೆ ಬೇರೆ ಕಡೆ ಬಗ್ಗಿಸಿ. ಹಳೇ ಪಿನ್ನನ್ನು ನೇರ ಮಾಡಿ ಮತ್ತೆ ಹಾಕುವ ಜುಗ್ಗತನ ಬೇಡ.

ಪಿನ್ನಿನ ವಿಷಯದಲ್ಲಿ ನನ್ನದೇ ಒಂದು ಕಥೆ ಇದೆ. 1991ರ ಮಾತು. ಹಾಸನದ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೆ. ಅರಕಲಗೂಡಿನ ಕಡೆಯ ಆಲೂಗಡ್ಡೆ ವ್ಯಾಪಾರಿಯೊಬ್ಬರ ಅಂಬಾಸಿಡರ್ ಬಂತು. ಎಡಗಡೆ ಎಂಡ್ ಬದಲಿಸೋ ಕೆಲಸ ನನಗೆ ಕೊಟ್ಟರು. ನಟ್ಟನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿದ್ದೆ, ಅಷ್ಟರಲ್ಲಿ ಮೇಸ್ತ್ರಿ ಕಾಫಿಗೆ ಕರೆದರು. ಪಿನ್ನನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋದೆ. ವಾಪಸ್ ಬಂದಾಗ ನಟ್ಟು ಕೂತಿದ್ದು ಕಂಡಿತು, ಚಕ್ರ ಹಾಕಿಬಿಟ್ಟೆ. ಗಾಡಿ ಹೋಯಿತು.

ಸಂಜೆ ಅವ್ವ ಅಂಗಿ ಒಗೆಯುವಾಗ ಕೈಗೆ ಏನೋ ಚುಚ್ಚಿತು ಅಂತ ತೆಗೆದು ನನ್ನ ಮುಂದೆ ಹಿಡಿದರು. ಹೊಸಾ ಸ್ಪ್ಲಿಟ್ ಪಿನ್ನು. ನನಗೆ ಕಾಲು ತಣ್ಣಗಾದವು. ಯಾರಿಗೆ ಹೇಳೋದು? ಅವರ ಮನೆಯಲ್ಲಿ ಫೋನ್ ಇದೆಯೋ ಇಲ್ಲವೋ ಗೊತ್ತಿಲ್ಲ, ಊರಿನ ಹೆಸರೂ ಸರಿಯಾಗಿ ನೆನಪಿಲ್ಲ. ರಾತ್ರಿ ನಿದ್ದೆ ಇಲ್ಲ. ಮಾರನೇ ದಿನ ಹತ್ತು ಗಂಟೆಗೆ ಆ ವ್ಯಾಪಾರಿ ಬಸ್ಸಲ್ಲಿ ಇಳಿದು ಬಂದರು. ಗಾಡಿಯನ್ನು ಮನೆ ಹಿತ್ತಲಿಗೆ ತಿರುಗಿಸುವಾಗ ಎಡಗಡೆ ಚಕ್ರ ಒಂದು ಕಡೆ, ಬಲಗಡೆದು ಇನ್ನೊಂದು ಕಡೆ ಹೋಗಿ, ಗಾಡಿ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತ್ತಂತೆ. ಮೇಸ್ತ್ರಿ ನನ್ನನ್ನು ಹೊಡೆಯೋಕೆ ಎದ್ದರು. ವ್ಯಾಪಾರಿ ಅವರನ್ನು ತಡೆದು, ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ: “ಬಣವೆ ಈಚೆಗೆ ಇತ್ತು ಕಣೋ ಮಗಾ, ಬಾವಿ ಅದರ ಆಚೆಗೆ.”

ಅವತ್ತಿಂದ ಅಂಗಿ ಜೇಬಿನಲ್ಲಿ ಪಿನ್ನು ಇಟ್ಟವನಲ್ಲ. ನನ್ನ ಗ್ಯಾರೇಜಿನಲ್ಲಿ ಹುಡುಗರಿಗೆ ಒಂದು ನಿಯಮ ಇತ್ತು. ಸ್ಟೇರಿಂಗ್ ಕೆಲಸದ ನಡುವೆ ಏಳಬೇಕಾಗಿ ಬಂದರೆ ಪಿನ್ನನ್ನು ಡ್ರೈವರ್ ಸೀಟಿನ ನಟ್ಟನಡುವೆ ಇಟ್ಟು ಏಳಬೇಕು. ಅದರ ಮೇಲೆ ಕೂತವನು ಗಾಡಿ ಓಡಿಸಲ್ಲ. ನೀವೂ ಹಾಗೇ ಮಾಡಿ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಲಾಕ್ ನಟ್ಟು ಬಿಗಿಮಾಡುವಾಗ ಎಂಡ್ ಓರೆಯಾಗದ ಹಾಗೆ ಹಿಡಿಯಿರಿ, ರಬ್ಬರ್ ಬೂಟ್ ತಿರುಚಿಕೊಳ್ಳಬಾರದು. ಚಕ್ರ ಹಾಕಿ, ಇಳಿಸಿ, ವೀಲ್ ನಟ್ಟನ್ನು ಎದುರು ಬದುರು ಬಿಗಿಮಾಡಿ. ಗಾಡಿ ನಿಂತಲ್ಲೇ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲೂ ಉಜ್ಜುತ್ತಿಲ್ಲ ಅಂತ ನೋಡಿ.

ಎಷ್ಟೇ ಸರಿಯಾಗಿ ಎಣಿಸಿದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಪೇಟೆವರೆಗೆ ಓಡಿಸುವ ಧೈರ್ಯಕ್ಕೆ ಮನೆಯಲ್ಲೇ ಒಂದು ಅಳತೆ ತಗೊಳ್ಳಿ. ಎರಡೂ ಮುಂದಿನ ಟೈರಿನ ನಡುಗೆರೆಯ ಮೇಲೆ, ಮುಂಭಾಗದಲ್ಲಿ, ಒಂದೇ ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಟೇಪಿನಲ್ಲಿ ಗುರುತಿನಿಂದ ಗುರುತಿಗೆ ಅಳೆಯಿರಿ. ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಹಿಂಭಾಗಕ್ಕೆ, ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಎರಡು ಅಳತೆಗೂ ಮೂರ್ನಾಲ್ಕು ಮಿಲಿಮೀಟರಿನ ಮೇಲೆ ವ್ಯತ್ಯಾಸ ಇದ್ದರೆ ಬೀಜ ಮತ್ತೆ ಎಣಿಸಬೇಕು. ಇಲ್ಲದಿದ್ದರೆ ನಲವತ್ತರ ವೇಗದಲ್ಲಿ ಚಿಕ್ಕಮಗಳೂರಿಗೆ ಹೋಗಿ ಅಲೈನ್‌ಮೆಂಟೂ ಬ್ಯಾಲೆನ್ಸಿಂಗೂ ಒಟ್ಟಿಗೇ ಮಾಡಿಸಿ. ಒಂದು ವಾರ ಬಿಟ್ಟು ಲಾಕ್ ನಟ್ಟಿಗೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ ನೋಡಿ.

ಎಡಗಡೆ ಮಾತ್ರ ಸಾಕಾ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಎರಡೂ ಕಡೆ ಒಂದೇ ವಯಸ್ಸಿನವು, ಒಂದೇ ಕೆಸರು ಕುಡಿದವು. ಬಲಗಡೆಯದರ ಬೂಟ್ ಬಿರುಕು ಬಿಟ್ಟಿದ್ದರೆ ಅದನ್ನೂ ಹಾಕಿಬಿಡಿ. ಅಲೈನ್‌ಮೆಂಟ್ ದುಡ್ಡು ಒಂದೇ ಸಲ ಹೋಗುತ್ತದೆ.

ಪ್ರಶ್ನೆ: ನಾನು ಬೇಲೂರಿನಲ್ಲಿ ಶಾಲಾ ಶಿಕ್ಷಕಿ. ದಿನಾ ಹಾಸನದಿಂದ ಕಾರಿನಲ್ಲಿ ಓಡಾಡುತ್ತೇನೆ. ಟೈರಾಡ್ ಎಂಡ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಕಾರು ನೇರ ಹೋಗುತ್ತದೆ, ಆದರೆ ಸ್ಟೇರಿಂಗ್ ಬಲಕ್ಕೆ ಓರೆಯಾಗಿ ನಿಲ್ಲುತ್ತದೆ. ಸ್ಟೇರಿಂಗ್ ಬಿಚ್ಚಿ ನೇರ ಕೂರಿಸಿ ಕೊಡ್ತೀವಿ ಅಂತಾರೆ. ಒಪ್ಪಲಾ?

ಉತ್ತರ: ಒಪ್ಪಬೇಡಿ ಮೇಡಂ. ಎರಡು ಚಕ್ರಗಳ ನಡುವಿನ ಲೆಕ್ಕ ಸರಿ ಮಾಡಿದ್ದಾರೆ, ಅದಕ್ಕೇ ಕಾರು ನೇರ ಹೋಗುತ್ತಿದೆ. ಆದರೆ ಒಂದು ಕಡೆಯ ರಾಡು ಉದ್ದ, ಇನ್ನೊಂದು ಕಡೆಯದು ಗಿಡ್ಡ ಆಗಿ ಉಳಿದಿದೆ. ಸ್ಟೇರಿಂಗನ್ನು ಮೊದಲು ನೇರ ನಿಲ್ಲಿಸಿ ಕ್ಲ್ಯಾಂಪ್ ಹಾಕಿ, ಆಮೇಲೆ ಎರಡೂ ಕಡೆ ರಾಡು ಹೊಂದಿಸಿ ಅಂತ ಹೇಳಿ. ಹತ್ತು ನಿಮಿಷ ಜಾಸ್ತಿ ಹಿಡಿಯುವ ಕೆಲಸ, ಅಷ್ಟಕ್ಕೇ ತಪ್ಪಿಸಿಕೊಳ್ಳುತ್ತಾರೆ. ಸ್ಟೇರಿಂಗ್ ಬಿಚ್ಚಿ ಹಲ್ಲು ದಾಟಿಸಿ ಕೂರಿಸಿದರೆ ಕಣ್ಣಿಗೆ ನೇರ ಕಾಣುತ್ತದೆ. ಆದರೆ ರ್ಯಾಕು ನಡುವಿನಲ್ಲಿ ಇರಲ್ಲ, ಒಂದು ಕಡೆ ಜಾಸ್ತಿ ತಿರುಗಿ ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ನಿಮ್ಮ ಕಾರಿಗೆ ಏರ್‌ಬ್ಯಾಗ್ ಇದ್ದರೆ ಸ್ಟೇರಿಂಗಿನ ಹಿಂದೆ ಸುರುಳಿ ಸುತ್ತಿದ ತಂತಿಯ ಪಟ್ಟಿ ಇರುತ್ತದೆ. ಗೊತ್ತಿಲ್ಲದವರು ಕೈ ಹಾಕಿ ಅದನ್ನು ತಿರುಚಿದರೆ ಕೆಲಸ ಇನ್ನೊಂದು ದಾರಿ ಹಿಡಿಯುತ್ತದೆ.

ಪ್ರಶ್ನೆ: ಕಳಸದ ಹತ್ತಿರ ನಮ್ಮದೊಂದು ಹಳೇ ಜೀಪು. ಗುಂಡಿಗೆ ಬಿದ್ದ ಮೇಲೆ ಮುಂದಿನ ಚಕ್ರ ಎರಡೂ ದೆವ್ವ ಹಿಡಿದ ಹಾಗೆ ಗಡಗಡ ಅಲ್ಲಾಡುತ್ತವೆ, ನಿಲ್ಲಿಸಿದರೆ ಮಾತ್ರ ಸರಿ. ಎಲ್ಲಾ ಟೈರಾಡ್ ಎಂಡ್ ಹೊಸದು ಹಾಕಿಯಾಯಿತು. ಆದರೂ ಹೋಗಿಲ್ಲ.

ಉತ್ತರ: ಜೀಪಿನ ಲೆಕ್ಕವೇ ಬೇರೆ. ಅಲ್ಲಿ ಮುಂದಿನ ಆಕ್ಸಲ್ ಒಂದೇ ತೊಲೆ. ಒಂದು ಚಕ್ರದ ನಡುಕ ಇನ್ನೊಂದಕ್ಕೆ ಹೋಗುತ್ತದೆ, ಅದು ವಾಪಸ್ ಕೊಡುತ್ತದೆ, ಕುಣಿತ ನಿಲ್ಲಲ್ಲ. ಎಂಡ್ ಹೊಸದಾದರೆ ಮುಂದೆ ನೋಡಬೇಕಾದ್ದು ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ ಬೇರಿಂಗ್, ಆಮೇಲೆ ಪಟ್ಟಿ ಸ್ಪ್ರಿಂಗಿನ ಬುಷ್ ಮತ್ತು ಶ್ಯಾಕಲ್, ಯು-ಬೋಲ್ಟ್, ಟೈರಿನ ಗಾಳಿ. ಎರಡು ಟೈರಿಗೂ ಗಾಳಿ ಸಮ ಇದೆಯಾ ಅಂತ ಮೊದಲು ನೋಡಿ, ಅದಕ್ಕೆ ದುಡ್ಡು ಬೇಡ.

ಇನ್ನೊಂದು. ನಿಮ್ಮ ಜೀಪಿನ ಟೈರಾಡ್ ಒಂದು ಉದ್ದದ ಪೈಪು, ಒಂದು ತುದಿಗೆ ಬಲ ಎಳೆ, ಇನ್ನೊಂದು ತುದಿಗೆ ಎಡ ಎಳೆ. ಎಂಡ್ ಹಾಕಿದ ಮೇಲೆ ಪೈಪನ್ನು ತಿರುಗಿಸಿ ಟೋ ಹೊಂದಿಸಬೇಕು, ಕ್ಲ್ಯಾಂಪು ಬಿಗಿಮಾಡಬೇಕು. ಟೋ ನೋಡಿದ್ದೀರಾ ಅಂತ ನೀವು ಬರೆದಿಲ್ಲ. ಗ್ರೀಸ್ ನಿಪ್ಪಲ್ ಇರುವ ಎಂಡ್ ಹಾಕಿದ್ದರೆ, ಹಳ್ಳ ದಾಟಿದ ವಾರಕ್ಕೊಮ್ಮೆ ಗ್ರೀಸ್ ಗನ್ನಿನಲ್ಲಿ ಹೊಸ ಗ್ರೀಸು ತುಂಬಿ ನೀರನ್ನು ಆಚೆ ತಳ್ಳಿ. ಕಿಂಗ್‌ಪಿನ್ ಕೆಲಸ ಮಾತ್ರ ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಶಿಮ್ಮು (ತೆಳು ತಗಡು) ಹಾಕಿ ಬಿಗಿ ನೋಡುವ ಕೆಲಸ ಅದು, ಪುಸ್ತಕ ಓದಿ ಬರಲ್ಲ. ಅಲ್ಲಿಯವರೆಗೆ ಘಟ್ಟ ಇಳಿಯಬೇಡಿ.

ಪ್ರಶ್ನೆ: ಟೈರಾಡ್ ಎಂಡಿನ ಬೂಟ್ ಹರಿದಿದೆ, ಆದರೆ ಪ್ಲೇ (ಸಡಿಲ) ಇಲ್ಲ. ಮುಂದಿನ ವಾರ ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗಬೇಕು. ಹೋಗಿ ಬಂದು ಮಾಡಿಸಿದರೆ ಆಗಲ್ವಾ? — ಸಕಲೇಶಪುರದ ಓದುಗರು

ಉತ್ತರ: ಹರಿದು ಎಷ್ಟು ದಿನ ಆಯಿತು ಅನ್ನೋದರ ಮೇಲೆ ಹೋಗುತ್ತದೆ. ಬೆರಳು ಹಾಕಿ ಗ್ರೀಸು ತೆಗೆದು ನೋಡಿ. ಗ್ರೀಸು ಇನ್ನೂ ಬಣ್ಣ ಬಿಡದೆ ನುಣ್ಣಗಿದ್ದರೆ ಬರೀ ಬೂಟ್ ಬದಲಿಸಿ ಹೊಸ ಗ್ರೀಸು ತುಂಬಿದರೆ ಸಾಕು, ಅಂಗಡಿಯಲ್ಲಿ ಬೂಟ್ ಬಿಡಿಯಾಗಿಯೂ ಸಿಗುತ್ತದೆ. ಬೆರಳಿಗೆ ಮರಳು ಮರಳು ಅನ್ನಿಸಿದರೆ ಎಂಡನ್ನೇ ಬದಲಿಸಿ, ಪ್ಲೇ ಇಲ್ಲದಿದ್ದರೂ ಸರಿ. ಎರಡರಲ್ಲಿ ಯಾವುದಾದರೂ ಒಂದನ್ನು ಹೊರಡುವ ಮೊದಲು ಮಾಡಿ. ದೇವರನ್ನು ನೋಡೋಕೆ ಹೊರಟವರು ಅರ್ಧ ದಿನ ತಡವಾದರೆ ಅವನೇನೂ ಬೇಜಾರು ಮಾಡಿಕೊಳ್ಳಲ್ಲ.

ಪ್ರಶ್ನೆ: ಸರ್, ನಾನು ಅರಸೀಕೆರೆಯವನು, ಐಟಿಐ ಮೋಟಾರ್ ಮೆಕ್ಯಾನಿಕ್ ಎರಡನೇ ವರ್ಷ. ಮನೆಯಲ್ಲಿ ಸಣ್ಣ ಪುಟ್ಟ ಕೆಲಸ ಶುರು ಮಾಡಬೇಕು ಅಂತ ಆಸೆ. ಮೊದಲು ಯಾವ ಟೂಲ್ ತಗೊಳ್ಳಲಿ?

ಉತ್ತರ: ಆಕ್ಸಲ್ ಸ್ಟ್ಯಾಂಡ್ ಎರಡು. ಆಮೇಲೆ ಒಂದು ಒಳ್ಳೆ ರಿಂಗ್ ಸ್ಪ್ಯಾನರ್ ಸೆಟ್, ಎಂಟರಿಂದ ಇಪ್ಪತ್ತನಾಲ್ಕರವರೆಗೆ. ಕೈಯಲ್ಲಿ ದುಡ್ಡು ಕೂಡಿದಾಗ ಟಾರ್ಕ್ ರೆಂಚ್. ಅದು ಬಂದ ಮೇಲೆ ಒಂದು ಆಟ ಆಡು. ನಟ್ಟನ್ನು ಮೊದಲು ಕೈ ಅಂದಾಜಿನಲ್ಲಿ ಬಿಗಿಮಾಡು, ಆಮೇಲೆ ರೆಂಚ್ ಹಾಕಿ ಎಷ್ಟು ತಪ್ಪಿದೆ ಅಂತ ನೋಡು. ಹುಡುಗರು ಸಣ್ಣ ನಟ್ಟನ್ನು ಜಾಸ್ತಿ ಬಿಗಿಮಾಡುತ್ತಾರೆ, ದೊಡ್ಡದನ್ನು ಕಡಿಮೆ. ನಾನೂ ಹಾಗೇ ಮಾಡುತ್ತಿದ್ದೆ. ಬಿಗಿ, ಬೆರಳಿಗೆ ಗೊತ್ತಾಗೋಕೆ ಆರು ತಿಂಗಳು ಹಿಡಿಯುತ್ತದೆ.

ಹಾಗೇ ಅಂಗಡಿಯಲ್ಲಿ ಬೇರೆ ಬೇರೆ ಸೈಜಿನ ಸ್ಪ್ಲಿಟ್ ಪಿನ್ನಿನ ಒಂದು ಡಬ್ಬ ಕೇಳು. ಸ್ಪ್ಯಾನರ್ ಸೆಟ್ಟಿನ ಬಿಲ್ಲಿನ ಜೊತೆ ಕೆಲವರು ಅದನ್ನು ಸುಮ್ನೆ ಕೊಟ್ಟುಬಿಡುತ್ತಾರೆ.